ಮಗುವಿನಿಂದಲೇ ತಂದೆತನ

ಧಾರವಾಡ ಜಿಲ್ಲೆಯ ಗರಗದಂಥ ಊರಿನಲ್ಲಿ ತಂದೆಯ ಹೆಸರು ಮುಖ್ಯವಾಗಿ ಎರಡು ಕಡೆ ಬೇಕಾಗುತ್ತದೆ: ಮಗುವಿನ ಹೆಸರನ್ನು ಸಾಲಿಗೆ ಹಚ್ಚುವಾಗ, ಹೊಲದ ಉತಾರದಲ್ಲಿ ವಾರಸಾ ಮಾಡಿಸುವಾಗ. ಮೊದಲನೆಯ ಕಡೆ ಬರೀ ಹೆಸರು ಸಾಕು. ಎರಡನೆಯ ಕಡೆ ಪಾಲು ಕೊಡಬೇಕು. ಅಪ್ಪ ಯಾರೆಂಬ ಪ್ರಶ್ನೆ ವ್ಯಾಜ್ಯವಾಗುವುದು ಹೆಚ್ಚಾಗಿ ಅಲ್ಲಿಯೇ.

ಮದುವೆಯಾದ ಗಂಡಸಿಗೆ ಕಾನೂನು ತಂದೆತನವನ್ನು ಕೇಳದೆಯೇ ಕೊಡುತ್ತದೆ. ದಾಂಪತ್ಯದಲ್ಲಿ ಹುಟ್ಟಿದ ಮಗು ಗಂಡನದೇ ಎಂದು ಸಾಕ್ಷ್ಯ ಕಾನೂನು ನಂಬುತ್ತದೆ. 1956ರ ಹಿಂದೂ ಪೋಷಕತ್ವ ಕಾಯ್ದೆ ಅವನನ್ನೇ ಮೊದಲ ಪೋಷಕನೆನ್ನುತ್ತದೆ. ‘ಅವನ ನಂತರ’ ತಾಯಿ. ಆ ‘ನಂತರ’ಕ್ಕೆ ಅವನು ಸತ್ತ ಮೇಲೆ ಎಂದಷ್ಟೇ ಅರ್ಥವಲ್ಲ, ಅವನು ಮಗುವಿನ ಹೊಣೆ ಹೊರದಿದ್ದಾಗಲೂ ತಾಯಿಯೇ ಪೋಷಕಿ ಎಂದು ಸುಪ್ರೀಂ ಕೋರ್ಟ್ ಗೀತಾ ಹರಿಹರನ್ ಪ್ರಕರಣದಲ್ಲಿ ಹೇಳಿದ್ದು 1999ರಲ್ಲಿ. ಮದುವೆಯಿಲ್ಲದೆ ಹುಟ್ಟಿದ ಮಗುವಿಗಾದರೆ ತಾಯಿಯೇ ಮೊದಲು. ಅಂಥ ತಾಯಿ ಪೋಷಕತ್ವ ಕೇಳಿದಾಗ, ಮಗುವನ್ನು ತಿರುಗಿಯೂ ನೋಡದ ತಂದೆಗೆ ನೋಟಿಸು ಕೊಡಬೇಕಾಗಿಲ್ಲ ಎಂದು 2015ರಲ್ಲಿ ಅದೇ ನ್ಯಾಯಾಲಯ ತೀರ್ಪಿತ್ತಿತು.

ಆದರೆ ಜೀವನಾಂಶದ ವಿಷಯದಲ್ಲಿ ಕಾನೂನು ತಾಳಿಯನ್ನು ನೋಡುವುದಿಲ್ಲ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಎರಡೂ ಮದುವೆಯ ಹೊರಗೆ ಹುಟ್ಟಿದ ಮಗುವನ್ನೂ ತಂದೆ ಸಾಕಬೇಕೆನ್ನುತ್ತವೆ. ಇದು ಸಣ್ಣ ಮಾತಲ್ಲ. ಗರಗದ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜದ ಬಟ್ಟೆಗೆ ನೂಲು ತೆಗೆಯುವವರು, ಮಗ್ಗದಲ್ಲಿ ಕೂಡುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಕೂಲಿ ಮಾಡಿದ ಕೆಲಸದಷ್ಟೇ. ಅಂಥ ಕೂಲಿಯಲ್ಲಿ ಒಬ್ಬಳೇ ಮಗು ಸಾಕುವ ತಾಯಿಗೆ ತಂದೆಯ ಹೊಣೆಯೆಂದರೆ ತಿಂಗಳ ರೇಷನ್ನು, ಸಾಲಿಯ ಖರ್ಚು, ಔಷಧಿ.

ಆಸ್ತಿಯ ಮಾತು ಬಂದಾಗ ಕಾನೂನು ಮತ್ತೆ ಮಂಟಪದತ್ತ ತಿರುಗುತ್ತದೆ. ಮೊದಲ ಹೆಂಡತಿ ಇರುವಾಗಲೇ ಇನ್ನೊಂದು ಮದುವೆಯಾದವನ ಮಕ್ಕಳ ಪ್ರಶ್ನೆ ನಮ್ಮ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋಯಿತು. ರೇವಣಸಿದ್ದಪ್ಪ ವಿರುದ್ಧ ಮಲ್ಲಿಕಾರ್ಜುನ ಎಂಬ ಆ ಪ್ರಕರಣದಲ್ಲಿ, ತಂದೆ-ತಾಯಿಯ ಸಂಬಂಧ ಕಾನೂನಿಗೆ ಒಪ್ಪಿಗೆಯಾಗದಿದ್ದರೂ ಮಗುವಿನ ಹುಟ್ಟನ್ನು ಬೇರೆಯಾಗಿಯೇ ನೋಡಬೇಕೆಂದು ಪೀಠ 2011ರಲ್ಲಿ ಹೇಳಿ, ವಿಷಯವನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು. 2023ರ ಸೆಪ್ಟೆಂಬರ್ 1ರಂದು ತೀರ್ಪು ಬಂತು: ಪಿತ್ರಾರ್ಜಿತ ಆಸ್ತಿಯನ್ನು ಹಂಚಿದ್ದರೆ ತಂದೆಗೆ ಎಷ್ಟು ಬರುತ್ತಿತ್ತೋ ಅದರಲ್ಲಿ ಆ ಮಕ್ಕಳಿಗೂ ಪಾಲುಂಟು.

ಸಂತೋಷದ ತೀರ್ಪು, ಆದರೆ ಅರ್ಧ ದಾರಿಯದು. ಅಸಿಂಧುವಾದರೂ ಒಂದು ಮದುವೆ ನಡೆದಿರಬೇಕು. ಮದುವೆಯೇ ನಡೆಯದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗುವನ್ನು ತಾಯಿಯ ಕಡೆಗಷ್ಟೇ ಸೇರಿಸುತ್ತದೆ. ಎರಡೂ ಮಕ್ಕಳಿಗೆ ಅದೇ ರಕ್ತ. ಹಿರಿಯರು ಅಕ್ಷತೆ ಹಾಕಿದ್ದರೇ ಇಲ್ಲವೇ ಎಂಬುದರ ಮೇಲೆ ಒಂದಕ್ಕೆ ಪಾಲು, ಇನ್ನೊಂದಕ್ಕೆ ಬರೀ ಜೀವನಾಂಶ. ಇದಕ್ಕೆ ನೀತಿಯ ಆಧಾರ ಯಾವುದು?

ಮದುವೆಯ ಮರ್ಯಾದೆ ಉಳಿಯಬೇಕಲ್ಲ ಎನ್ನುವವರಿದ್ದಾರೆ. ಅವರ ಆತಂಕ ಸುಳ್ಳಲ್ಲ. ಮೊದಲ ಹೆಂಡತಿಯ ಮಕ್ಕಳ ಪಾಲು ಕಡಿಮೆಯಾಗುತ್ತದೆ ನಿಜ. ಆದರೆ ಕಡಿಮೆ ಮಾಡಿದವನು ತಂದೆ. ಅವನ ನಡತೆಯ ದಂಡವನ್ನು ಹುಟ್ಟಿದ ಕೂಸಿನಿಂದ ವಸೂಲು ಮಾಡಿದರೆ ಮದುವೆಯ ಮರ್ಯಾದೆ ಹೆಚ್ಚುವುದಿಲ್ಲ, ಗಂಡಸಿನ ಧೈರ್ಯ ಹೆಚ್ಚುತ್ತದೆ. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ತಾಯಂದಿರ ಮಕ್ಕಳು ತಲೆಮಾರುಗಳಿಂದ ತೆತ್ತದ್ದು ಈ ದಂಡವನ್ನೇ. ದೇವದಾಸಿಯರ ಮಕ್ಕಳಿಗೆ ತಂದೆಯನ್ನು ಗುರುತಿಸಿಕೊಳ್ಳುವ ಹಕ್ಕು, ಅವನ ಆಸ್ತಿಯ ಹಕ್ಕು ಕೊಡುವ ಮಸೂದೆಗೆ ನಮ್ಮ ವಿಧಾನಮಂಡಲ 2025ರಲ್ಲಿ ಒಪ್ಪಿಗೆ ಕೊಟ್ಟಿತು. ಅವರಿಗೆ ನ್ಯಾಯವಾದದ್ದು ಉಳಿದ ಮಕ್ಕಳಿಗೆ ಅನ್ಯಾಯ ಹೇಗಾದೀತು?

ಮದುವೆಯಾಗದೆಯೂ ಮಗುವನ್ನು ಎತ್ತಿ ಆಡಿಸಿ, ಜ್ವರ ಬಂದಾಗ ರಾತ್ರಿ ನಿದ್ದೆಗೆಟ್ಟ ತಂದೆಯೂ ಇದ್ದಾನೆ. ತಾಯಿಯ ನಂತರ ಎಂದು ಕಾನೂನು ಅವನನ್ನು ಸುಮ್ಮನೆ ಹೊರಗಿಡಬಾರದು. ಮಗುವಿನ ಹಿತ ನೋಡಿ ನ್ಯಾಯಾಲಯ ಅವನ ಮಾತನ್ನೂ ಕೇಳಬೇಕು. ಹೊಣೆ ಹೊತ್ತವನಿಗೆ ಹಕ್ಕು, ಹೊರದವನಿಗೆ ಹೊಣೆ ಮಾತ್ರ: ಮದುವೆಯಾದವನಿಗೂ ಆಗದವನಿಗೂ ಇದೊಂದೇ ಅಳತೆ ಇರಲಿ. ಅದಕ್ಕೆ ಮೊದಲು ಆಗಬೇಕಾದದ್ದು ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ. ತಂದೆ ಯಾರೆಂದು ಸಾಬೀತಾದ ಮೇಲೆ, ಅವನ ಮದುವೆಯ ಪುರಾವೆಯನ್ನು ಮಗುವಿನ ಕೈಯಲ್ಲಿ ಕೇಳುವುದು ನಿಲ್ಲಬೇಕು.