ಹಸಿ ಕಟ್ಟಿಗೆಯ ಉಪಾಧಿ

1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರತಂದಾಗ ಕನ್ನಡಕ್ಕೆ ಮೊದಲ ಪತ್ರಿಕೆ ದೊರೆಯಿತು, ಅದರೊಂದಿಗೆ ದೂರದ ಸಂಗತಿಗಳನ್ನು ಅಚ್ಚಿನ ಮಾತಿನ ಮೇಲೆ ನಂಬುವ ರೂಢಿಯೂ ಬಂತು. ಇಂತಹ ನಂಬಿಕೆಯನ್ನು ಭಾರತೀಯ ದಾರ್ಶನಿಕರು ಶಬ್ದಪ್ರಮಾಣ, ಅಂದರೆ ಮಾತಿನಿಂದ ಹುಟ್ಟುವ ಅರಿವು, ಎಂಬ ಹೆಸರಿನಲ್ಲಿ ಬಹಳ ಹಿಂದೆಯೇ ವಿಚಾರಿಸಿದ್ದರು. ಮಂಗಳೂರಿನ ಹಂಪನಕಟ್ಟೆಯಲ್ಲಿ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಇಂಟೆಲ್, ಎಎಂಡಿ, ಆಪಲ್, ಕ್ವಾಲ್‌ಕಾಮ್‌ಗಳ ಪೈಪೋಟಿ ತಿಳಿಯುವುದೂ ಶಬ್ದದಿಂದಲೇ, ಏಕೆಂದರೆ ಯಂತ್ರದ ಲೆಕ್ಕಾಚಾರವನ್ನೆಲ್ಲ ನಡೆಸುವ ಪ್ರೊಸೆಸರ್ ಎಂಬ ಚಿಪ್‌ನೊಳಗಿನ ವ್ಯವಹಾರ ಯಾರ ಕಣ್ಣಿಗೂ ಕಾಣುವಂಥದ್ದಲ್ಲ.

ವಸ್ತುವನ್ನು ನೇರವಾಗಿ ಅರಿತು, ಅರಿತಂತೆಯೇ ತಿಳಿಸುವ ಇಚ್ಛೆಯುಳ್ಳವನು ಆಪ್ತನೆಂದೂ, ಈ ಲಕ್ಷಣವು ಋಷಿಗೂ ಮ್ಲೇಚ್ಛನಿಗೂ ಸಮಾನವೆಂದೂ ನ್ಯಾಯಭಾಷ್ಯಕಾರ ವಾತ್ಸ್ಯಾಯನನು ಹೇಳಿದ್ದಾನೆ. ಈ ಉದಾರತೆಯಿಂದ ವ್ಯಾಪಾರಿಯೂ ಆಪ್ತನಾಗಬಲ್ಲ. ಆದರೆ ತನ್ನ ಸರಕಿನ ವೇಗವನ್ನು ತಾನೇ ಅಳೆದು ಸಾರುವ ತಯಾರಕನಿಗೆ ಅರಿವು ಎಷ್ಟೇ ಇದ್ದರೂ ಅರಿತಂತೆ ಹೇಳುವ ಇಚ್ಛೆಯು ಲಾಭದ ಇಚ್ಛೆಯೊಡನೆ ಸೆಣಸಬೇಕಾಗುತ್ತದೆ. ಪರೀಕ್ಷೆಯ ಯಂತ್ರವನ್ನೂ ಪ್ರಕಟಣೆಯ ಗಡುವನ್ನೂ ಅನೇಕ ವೇಳೆ ಆ ತಯಾರಕನಿಂದಲೇ ಪಡೆಯುವ ಪತ್ರಕರ್ತನ ಸ್ಥಿತಿ ಇನ್ನೂ ತೊಡಕಿನದು. ಬೆಂಚ್‌ಮಾರ್ಕ್, ಅಂದರೆ ಭಿನ್ನ ಯಂತ್ರಗಳಿಗೆ ಒಂದೇ ಕೆಲಸ ಕೊಟ್ಟು ವೇಗವನ್ನು ಹೋಲಿಸುವ ಪರೀಕ್ಷೆ, ಈ ತೊಡಕನ್ನು ಬಿಡಿಸಬೇಕಿತ್ತು. ಆದರೆ 2011ರಲ್ಲಿ ಎಎಂಡಿಯು ಸಿಸ್‌ಮಾರ್ಕ್ ಎಂಬ ಪರೀಕ್ಷೆಯನ್ನು ಆಕ್ಷೇಪಿಸಿ, ಅದನ್ನು ರೂಪಿಸುವ ಒಕ್ಕೂಟದಿಂದಲೇ ಹೊರನಡೆದಾಗ ಅಳತೆಗೋಲೇ ವಾದಕ್ಕೆ ಗುರಿಯಾಯಿತು.

ಹಾಗಾದರೆ ಓದುಗರು ಎಲ್ಲವನ್ನೂ ಸಂಶಯಿಸಬೇಕೇ? ಅರಿವಿನ ಪ್ರಾಮಾಣ್ಯವು, ಅಂದರೆ ಅದರ ಸತ್ಯತೆಯು, ಬೇರೊಂದು ಸಾಧನದಿಂದ ನಿಶ್ಚಯವಾಗಬೇಕೆಂದು ನ್ಯಾಯದರ್ಶನದವರಾದ ನೈಯಾಯಿಕರ ಮತ. ಉಡುಪಿ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ ದ್ವೈತ ಪರಂಪರೆಯಲ್ಲಾದರೋ ಪ್ರಾಮಾಣ್ಯವು ಸ್ವತಃ, ಆತ್ಮದ ಒಳಗಣ್ಣಾದ ಸಾಕ್ಷಿಗೆ ತಾನಾಗಿ ವೇದ್ಯ. ಅಪ್ರಾಮಾಣ್ಯಕ್ಕೆ ಮಾತ್ರ ಹೊರಗಿನ ದೋಷ ಕಾರಣ. ನೈಯಾಯಿಕರ ಹಾದಿ ಹಿಡಿದವರು ಅಂಗಡಿಯಿಂದ ಬರಿಗೈಯಲ್ಲಿ ಮರಳುವ ಸಂಭವವೇ ಹೆಚ್ಚಾದ್ದರಿಂದ, ನಂಬಿಕೆಯಿಂದ ಹೊರಟು ದೋಷವನ್ನು ಹುಡುಕುವ ದ್ವೈತಿಗಳ ಕ್ರಮವೇ ಲೋಕವ್ಯವಹಾರಕ್ಕೆ ಸಮೀಪವಾದುದು.

ಪ್ರೊಸೆಸರ್ ಸುದ್ದಿಯ ದೋಷ ಸಾಮಾನ್ಯವಾಗಿ ಸುಳ್ಳಿನಲ್ಲಿರದೆ ಉಪಾಧಿಯಲ್ಲಿ ಇರುತ್ತದೆ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎಂಬ ನಿಯಮ ಕಾದ ಕಬ್ಬಿಣದ ಗುಂಡಿನ ಮುಂದೆ ಮುರಿಯುತ್ತದೆ, ಏಕೆಂದರೆ ಹೊಗೆಗೆ ಹಸಿ ಕಟ್ಟಿಗೆಯೂ ಬೇಕು. ಹೀಗೆ ನಿಯಮದೊಳಗೆ ಅಡಗಿರುವ ಷರತ್ತೇ ಉಪಾಧಿ. ಮಳೆಗಾಲದ ಒಲೆಯನ್ನು ಊದಿದ ಕರಾವಳಿಯವರಿಗೆ ಇದನ್ನು ತರ್ಕಶಾಸ್ತ್ರ ಕಲಿಸಬೇಕಾಗಿಲ್ಲ. ‘ಇದು ಅದಕ್ಕಿಂತ ವೇಗ’ ಎಂಬ ವಾಕ್ಯಕ್ಕೂ ಚಿಪ್ ಬಳಸುವ ವಿದ್ಯುತ್ತಿನ ಪ್ರಮಾಣ, ಚಾರ್ಜರಿನ ಜೋಡಣೆ, ಫ್ಯಾನಿನ ಸಾಮರ್ಥ್ಯ, ಕೋಣೆಯ ಉಷ್ಣತೆ ಇವೆಲ್ಲ ಉಪಾಧಿಗಳು. ಮಿತಿಮೀರಿ ಕಾದ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದರಿಂದ, ಹವಾನಿಯಂತ್ರಿತ ಕೊಠಡಿಯಲ್ಲಿ ಗೆದ್ದ ಯಂತ್ರ ಮೇ ತಿಂಗಳ ಮಂಗಳೂರಿನ ಮಧ್ಯಾಹ್ನದಲ್ಲೂ ಗೆಲ್ಲಬೇಕೆಂದಿಲ್ಲ. ಎಚ್ಚರದ ವರದಿಗಾರರು ಈ ಷರತ್ತುಗಳನ್ನು ಬರೆದೇ ಇರುತ್ತಾರೆ. ಅವು ಸಿಗುವುದು ಕೊನೆಯ ಪರಿಚ್ಛೇದದಲ್ಲಿ, ಶೇಕಡಾವಾರು ಸಂಖ್ಯೆ ಮಾತ್ರ ತಲೆಬರಹದಲ್ಲಿ.