ಹೋದರೋ, ಹೋಗಬೇಕಾಯಿತೋ?

ವಂಶವೃಕ್ಷ ಹುಡುಕುವವರಿಗೆ ಬ್ರಿಟನ್ನಿನ 1930ರ ದಶಕ ಕತ್ತಲೆ ಕೋಣೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1931ರ ಜನಗಣತಿಯ ಕಾಗದಗಳು 1942ರ ಡಿಸೆಂಬರಿನಲ್ಲಿ ಬೆಂಕಿಗೆ ಆಹುತಿಯಾದವು. 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. ಉತ್ತರದ ಊರುಗಳಲ್ಲಿ ಕೆಲಸ ನಿಂತು ಎಷ್ಟೋ ಕುಟುಂಬಗಳು ದಕ್ಷಿಣಕ್ಕೆ ಇಳಿದದ್ದು ಇದೇ ಕಾಲದಲ್ಲಿ.

ಕಾರ್ಬಿಯನ್ನೇ ನೋಡಿ. ನಾರ್ಥಾಂಪ್ಟನ್‌ಶೈರಿನ ಒಂದು ಹಳ್ಳಿ. (ಇದು ದಕ್ಷಿಣವೆಂದರೆ ಲಂಡನ್ನಿನವರು ನಕ್ಕಾರು, ಗ್ಲಾಸ್ಗೋದವರಿಗೆ ದಕ್ಷಿಣವೇ.) ಅಲ್ಲಿನ ಕಬ್ಬಿಣದ ಅದಿರನ್ನು ನಂಬಿ ಸ್ಟೂವರ್ಟ್ಸ್ ಅಂಡ್ ಲಾಯ್ಡ್ಸ್ ಕಂಪನಿ 1933-34ರಲ್ಲಿ ಉಕ್ಕಿನ ಕಾರ್ಖಾನೆ ಕಟ್ಟಿತು. ಕೆಲಸಕ್ಕೆ ಸ್ಕಾಟ್ಲೆಂಡಿನ ಕ್ಲೈಡ್ ನದಿಯ ಸೀಮೆಯಿಂದ ಜನ ಬಂದರು, ಎಷ್ಟೆಂದರೆ ಊರಿಗೆ ‘ಪುಟ್ಟ ಸ್ಕಾಟ್ಲೆಂಡ್’ ಎಂಬ ಅಡ್ಡಹೆಸರೇ ಬಿತ್ತು.

ಅಂಥ ಕುಟುಂಬದ ಮರಿಮಕ್ಕಳಿಗೆ ಸಿಗುವುದು ಎರಡು ಸಾಲು: ಸ್ಕಾಟ್ಲೆಂಡಿನ 1921ರ ಗಣತಿಯಲ್ಲೊಂದು, ಯುದ್ಧ ಶುರುವಾದೊಡನೆ 1939ರ ಸೆಪ್ಟೆಂಬರ್ 29ರಂದು ಮಾಡಿದ ರಾಷ್ಟ್ರೀಯ ನೋಂದಣಿಯಲ್ಲಿ ಇನ್ನೊಂದು. ಎರಡನೆಯದರಲ್ಲಿ ಹುಟ್ಟಿದ ದಿನಾಂಕವಿದೆ, ಕಸುಬಿದೆ, ಹುಟ್ಟಿದ ಊರಿಲ್ಲ. ನಡುವಿನ ಹದಿನೆಂಟು ವರ್ಷಗಳಿಗೆ ಕ್ರಿಯಾಪದವನ್ನು ನಾವೇ ಒದಗಿಸಬೇಕು.

‘ಮುತ್ತಜ್ಜ ಹೋದರು’ ಎಂದರೆ ಅವರು ಧೈರ್ಯಶಾಲಿ. ‘ಹೋಗಬೇಕಾಯಿತು’ ಎಂದರೆ ನತದೃಷ್ಟರು. ‘ಕರೆದೊಯ್ದರು’ ಎಂದರೆ ಅವರು ಕಂಪನಿಯ ಸಾಮಾನು. ಮೂರೂ ತೀರ್ಪುಗಳೇ, ಸತ್ತವರ ವಾದ ಕೇಳದೆ ಕೊಟ್ಟವು. ಹಸಿವಿನ ಎದುರು ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಎಂದು ತತ್ತ್ವಶಾಸ್ತ್ರದವರು ವಾದಿಸುತ್ತಲೇ ಇದ್ದಾರೆ. ಅಲ್ಲ ಎಂದುಬಿಡುವುದು ಸುಲಭ. ಆದರೆ ಅದೇ ಬೀದಿಯಲ್ಲಿ, ಅದೇ ಹಸಿವಿನಲ್ಲಿ, ಹೋಗದೆ ಉಳಿದವರೂ ಇದ್ದರು. ಇವರು ಹೊರಟಾಗ ಏನನ್ನೋ ತೂಗಿ ನೋಡಿಯೇ ಹೊರಟಿರಬೇಕು. ತಕ್ಕಡಿ ಅವರದಲ್ಲದಿರಬಹುದು, ತೂಗಿದ ಕೈ ಅವರದೇ. ಬರೀ ‘ಬಲಿಪಶು’ ಎಂದು ಬರೆದರೆ ಆ ಕೈಯನ್ನೂ ಕಿತ್ತುಕೊಂಡಂತೆ.

ಇಷ್ಟೆಲ್ಲ ಚರ್ಚೆ ಗಂಡಸಿನ ಬಗ್ಗೆ. 1939ರ ಪುಟದಲ್ಲಿ ಅವನ ಕೆಳಗಿನ ಸಾಲಿನಲ್ಲಿ ಹೆಂಡತಿ ಇದ್ದಾಳೆ. ಕಸುಬು: ಸಂಬಳವಿಲ್ಲದ ಮನೆಗೆಲಸ. ಅಂಥ ಲಕ್ಷಾಂತರ ಹೆಂಗಸರಿಗೆ ಗುಮಾಸ್ತರು ಬರೆದದ್ದು ಇಷ್ಟೇ. ಅವಳು ತೂಗಿದಳೇ? ತಾಯಿಯನ್ನು, ಅಕ್ಕತಂಗಿಯರನ್ನು, ನೀರು ಹಿಡಿಯುವಾಗ ಮಾತಾಡುತ್ತಿದ್ದ ನೆರೆಯವರನ್ನು ಬಿಟ್ಟು ಹೊರಟಳೇ, ಅಥವಾ ಗಂಟುಮೂಟೆಯ ಜೊತೆ ಸಾಗಿದಳೇ? ನಾವು ‘ಕುಟುಂಬ ವಲಸೆ ಹೋಯಿತು’ ಎಂದು ಬರೆಯುತ್ತೇವೆ. ಗಂಡನಿಗೆ ಮೂರು ಕ್ರಿಯಾಪದ ಹುಡುಕಿದವರು ಅವಳನ್ನು ಒಂದು ನಾಮಪದದೊಳಗೆ ಮಡಚಿಟ್ಟುಬಿಡುತ್ತೇವೆ. ನನಗೆ ಆ ಬೆಂಕಿಗಿಂತ ಈ ‘ಕುಟುಂಬ’ ಎಂಬ ಪದದ ಮೇಲೇ ಹೆಚ್ಚು ಸಿಟ್ಟು.

ಸ್ಕಾಟ್ಲೆಂಡಿನ 1931ರ ಗಣತಿಯ ಕಾಗದಗಳು ಸುಟ್ಟಿಲ್ಲ. ನೂರು ವರ್ಷ ತುಂಬಿದ ಮೇಲೆ ತೆರೆಯುತ್ತವೆ. ಹೊರಡುವ ಮುಂಚಿನ ಅವಳ ವಿಳಾಸ ಅಲ್ಲಿ ಸಿಗಬಹುದು.