ದಯೆಯೂ ತಿಳಿವೂ

ಗಾಯಗೊಂಡವನನ್ನು ಉಳಿಸಬೇಕೆಂಬ ಹಂಬಲ ಶ್ರೇಷ್ಠವಾದುದೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಸದುದ್ದೇಶದಿಂದ ಮಾಡಿದ ಉಪಚಾರದಲ್ಲಿಯೇ ಕೊರತೆಯಿದ್ದು ಪ್ರಾಣ ಹೋದರೆ ಹೊಣೆ ಯಾರದು? ನಿಯಮವನ್ನು ನಿಷ್ಠೆಯಿಂದ ಪಾಲಿಸಿದವನದೋ, ಅದನ್ನು ಪರೀಕ್ಷಿಸದೆ ಬೋಧಿಸುತ್ತ ಬಂದವರದೋ? ಯುದ್ಧವನ್ನು ಯಾವ ವಿವೇಕಿಯೂ ಬಯಸನು. ಆದರೂ ರಣರಂಗದ ಚಿಕಿತ್ಸೆಯ ಚರಿತ್ರೆ ಈ ಪ್ರಶ್ನೆಯನ್ನು ಬಹು ಸ್ಪಷ್ಟವಾಗಿ ನಮ್ಮ ಮುಂದಿಡುತ್ತದೆ.

ಕೈಕಾಲಿನ ರಕ್ತನಾಳ ತುಂಡಾದಾಗ ಗಾಯದ ಮೇಲ್ಭಾಗದಲ್ಲಿ ಪಟ್ಟಿಯೊಂದನ್ನು ಬಿಗಿದು ರಕ್ತವನ್ನು ತಡೆಯುವುದು ಹಳೆಯ ಉಪಾಯ. ಇದಕ್ಕೆ ಟೂರ್ನಿಕೆಟ್ ಎಂದು ಹೆಸರು. ಬಹಳ ಹೊತ್ತು ಬಿಗಿದಿಟ್ಟರೆ ಆ ಅಂಗವೇ ನಿರ್ಜೀವವಾಗುವುದುಂಟು. ಈ ಭಯದಿಂದ, ಬೇರೆಲ್ಲ ಪ್ರಯತ್ನಗಳು ವಿಫಲವಾದ ಮೇಲೆಯೇ ಅದನ್ನು ಬಳಸಬೇಕೆಂದು ಅಮೆರಿಕದ ಸೇನೆಯಲ್ಲಿ ದೀರ್ಘಕಾಲ ಕಲಿಸುತ್ತಿದ್ದರು. ಕಾಲನ್ನು ಉಳಿಸಬೇಕೆಂಬ ದಯೆಯೇ ಆ ನಿಯಮದ ಮೂಲ. ಆದರೆ ದೊಡ್ಡ ರಕ್ತನಾಳ ತುಂಡಾದವನು ಕೆಲವೇ ನಿಮಿಷಗಳಲ್ಲಿ ಸಾಯಬಲ್ಲನು. ವಿಯೆಟ್ನಾಂ ಯುದ್ಧದಲ್ಲಿ ಸುಮಾರು 2,500 ಅಮೆರಿಕನ್ ಸೈನಿಕರು ಬೇರೆ ಮಾರಕ ಗಾಯವಿಲ್ಲದೆ, ಕೈಕಾಲುಗಳ ರಕ್ತಸ್ರಾವದಿಂದಲೇ ಮಡಿದರೆಂದು ಅಂದಾಜು.

1996ರಲ್ಲಿ ಆ ದೇಶದ ನೌಕಾಪಡೆಯ ವೈದ್ಯ ಫ್ರ್ಯಾಂಕ್ ಬಟ್ಲರ್ ಮತ್ತು ಅವರ ಸಂಗಡಿಗರು, ನಗರದ ಆಸ್ಪತ್ರೆಗಳ ನಿಯಮ ಗುಂಡಿನ ಮಳೆಯ ನಡುವೆ ಸಲ್ಲದೆಂದು ವಾದಿಸಿ, ಪ್ರಾಣಾಪಾಯದ ರಕ್ತಸ್ರಾವಕ್ಕೆ ಮೊದಲು ಟೂರ್ನಿಕೆಟ್ ಬಿಗಿಯಬೇಕೆಂದು ಬರೆದರು. ಮಾರ್ಗಸೂಚಿಗಳನ್ನು ಪರಿಷ್ಕರಿಸುತ್ತಿರಲು 2001ರಲ್ಲಿ ಒಂದು ಸಮಿತಿಯೂ ಏರ್ಪಟ್ಟಿತು. ಆದರೂ ಹೊಸ ತಿಳಿವಳಿಕೆ ಎಲ್ಲ ಸೈನಿಕರನ್ನು ಮುಟ್ಟಲು ಮತ್ತೆ ವರ್ಷಗಳೇ ಹಿಡಿದವು. 2006ಕ್ಕೆ ಮೊದಲು ಇಂಥ ರಕ್ತಸ್ರಾವದಿಂದ ವರ್ಷಕ್ಕೆ ಸರಾಸರಿ 23 ಮಂದಿ ಸಾಯುತ್ತಿದ್ದರು. 2011ರ ಹೊತ್ತಿಗೆ ಆ ಸರಾಸರಿ ನಾಲ್ಕಕ್ಕಿಂತ ಕೆಳಗಿಳಿಯಿತು.

ಈ ಪರಿಷ್ಕರಣಕ್ಕೆ ತೆತ್ತ ಬೆಲೆಯನ್ನು ನಾವು ಗಮನಿಸಬೇಕು. 2001ರಿಂದ 2011ರವರೆಗೆ ರಣರಂಗದ ಗಾಯಗಳಿಂದ ಮಡಿದ 4,596 ಮಂದಿಯ ಮರಣವನ್ನು ವೈದ್ಯರು ಒಂದೊಂದಾಗಿ ಪರಿಶೀಲಿಸಿದರು. ಆಸ್ಪತ್ರೆ ತಲುಪುವ ಮೊದಲೇ ಮಡಿದವರಲ್ಲಿ ಸುಮಾರು ಕಾಲುಭಾಗದಷ್ಟು ಜನ ಬದುಕುವ ಸಾಧ್ಯತೆಯಿತ್ತೆಂದು ಅವರು ಬರೆದರು. ಈ ಮಾತನ್ನು ಓದುವ ತಾಯಿಯ ಹೃದಯ ಏನಾದೀತು? ಸಾಯುವವನ ಬಳಿ ಮೊಣಕಾಲೂರಿ ಕುಳಿತಿದ್ದ ಚಿಕಿತ್ಸಾ ಸಹಾಯಕನಿಗೆ ಏನೆನಿಸೀತು? 'ಮಾಡಬಹುದಾದುದನ್ನೆಲ್ಲ ಮಾಡಿದೆವು' ಎಂದು ಹೇಳಿಬಿಡುವುದು ಮೃದುವಾದ ದಾರಿ. ಆದರೆ ಆ ಸಾಂತ್ವನದ ಸಾಲವನ್ನು ಮುಂದೆ ಗಾಯಗೊಳ್ಳುವವನು ಪ್ರಾಣದಿಂದ ತೀರಿಸಬೇಕಾಗುತ್ತದೆ. ನಷ್ಟವನ್ನು ಬರೆಯದ ಖಾತೆಯಿಂದ ಅಂಗಡಿಯೇ ಉಳಿಯದೆಂದ ಮೇಲೆ ಪ್ರಾಣದ ವಿಷಯದಲ್ಲಿ ಹೇಳುವುದೇನು?

ಅದೇ ಸೇನೆಯ ರೇಂಜರ್ ಪಡೆಯು ಪ್ರತಿಯೊಂದು ಗಾಯದ ದಾಖಲೆಯಿಟ್ಟು, ಚಿಕಿತ್ಸಾ ಸಹಾಯಕರಿಗೆ ಮಾತ್ರವಲ್ಲದೆ ಎಲ್ಲ ಸೈನಿಕರಿಗೂ ರಕ್ತ ನಿಲ್ಲಿಸುವುದನ್ನು ಕಲಿಸಿತು. 2001ರಿಂದ 2010ರವರೆಗೆ ಗಾಯಗೊಂಡ ಆ ಪಡೆಯ 419 ಮಂದಿಯಲ್ಲಿ 32 ಮಂದಿ ಮಡಿದರು. ಆಸ್ಪತ್ರೆಗೆ ಮುನ್ನ ದೊರೆಯಬೇಕಾದ ಉಪಚಾರ ದೊರೆಯದೆ ಸತ್ತವನು ಅವರಲ್ಲಿ ಒಬ್ಬನೂ ಇರಲಿಲ್ಲ.

ಹಾಗಾದರೆ ಹೊಸ ನಿಯಮವೇ ಅಂತಿಮ ಸತ್ಯವೇ? ಅಲ್ಲ. ಅದು ಹೆಲಿಕಾಪ್ಟರ್ ಬೇಗನೆ ಬರುತ್ತಿದ್ದ ಯುದ್ಧಗಳಲ್ಲಿ ಪಕ್ವವಾದುದು. 2022ರಿಂದೀಚೆಗೆ ಯುಕ್ರೇನಿನಲ್ಲಿ ಗಾಯಾಳುವನ್ನು ಸಾಗಿಸಲು ಅನೇಕ ಗಂಟೆಗಳು, ಕೆಲವೊಮ್ಮೆ ದಿನಗಳೇ ಹಿಡಿದುದುಂಟು. ಅನಗತ್ಯವಾಗಿ ಬಿಗಿದ, ಇಲ್ಲವೆ ಸಕಾಲದಲ್ಲಿ ಸಡಿಲಿಸದ ಟೂರ್ನಿಕೆಟ್‌ನಿಂದ ಅಲ್ಲಿ ಹಲವರು ಕೈಕಾಲು ಕಳೆದುಕೊಂಡರು. ಆದುದರಿಂದ, ರಕ್ತಸ್ರಾವ ಹತೋಟಿಗೆ ಬಂದಿದ್ದರೆ ಎರಡು ಗಂಟೆಗಳೊಳಗೆ ಟೂರ್ನಿಕೆಟ್ ಬದಲು ಒತ್ತುಪಟ್ಟಿ ಕಟ್ಟಲು ಯತ್ನಿಸಬೇಕೆಂಬ ಬೋಧನೆಗೆ ಈಗ ಹೆಚ್ಚು ಒತ್ತು ಬಿದ್ದಿದೆ. ಹಳಬರ ಭಯದಲ್ಲಿಯೂ ಒಂದಂಶದ ಸತ್ಯವಿತ್ತು. ದೇಶಕಾಲಗಳನ್ನು ಮರೆತು ಹಿಡಿದ ನಿಯಮ, ಹಳೆಯದಾಗಲಿ ಹೊಸದಾಗಲಿ, ಅಪಾಯಕಾರಿಯೇ ಸರಿ.

ಮೊದಲಿನ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ತನಗೆ ಕಲಿಸಿದುದನ್ನು ಗುಂಡುಗಳ ನಡುವೆ ಶ್ರದ್ಧೆಯಿಂದ ಮಾಡಿದ ಸಹಾಯಕನು ದೋಷಿಯಲ್ಲ. ತಿದ್ದುವ ಅಧಿಕಾರವಿದ್ದೂ, ಸಾವುಗಳ ಸಾಕ್ಷ್ಯ ಕಣ್ಣೆದುರಿಗಿದ್ದೂ ತಿದ್ದದೆ ಕುಳಿತವರದು ಪ್ರಮಾದ. ಬೋಧಿಸುವ ಸ್ಥಾನದಲ್ಲಿರುವ ಪ್ರತಿಯೊಬ್ಬನಿಗೂ, ಅವನು ವೈದ್ಯನಾಗಲಿ, ಉಪಾಧ್ಯಾಯನಾಗಲಿ, ಮನೆಯ ಹಿರಿಯನಾಗಲಿ, ಈ ಹೊಣೆ ತಪ್ಪಿದ್ದಲ್ಲ. ದಯೆಯು ತನ್ನ ತಿಳಿವನ್ನು ಮತ್ತೆ ಮತ್ತೆ ಪರೀಕ್ಷಿಸಿಕೊಳ್ಳುತ್ತಿದ್ದರೆ ಮಾತ್ರ ಪರರ ಪ್ರಾಣಕ್ಕೆ ಆಸರೆಯಾದೀತು.